ಬೋರ್ಡ್ ಇಲ್ಲದ ಕಡೆಯೂ ದಂಡ ಬೀಳುವುದೇಕೆ? ರಸ್ತೆ ಬದಿ ಪಾರ್ಕಿಂಗ್‌ಗೆ ಹಂತಹಂತದ ಮಾರ್ಗದರ್ಶಿ

ಪಾರ್ಕಿಂಗ್ ದಂಡದ ಸಂದೇಶ ಮೊಬೈಲಿಗೆ ಬಂದಾಗ ಹೆಚ್ಚಿನವರ ಬಾಯಲ್ಲಿ ಬರುವ ಮಾತು ಒಂದೇ: ‘ಅಲ್ಲಿ ಬೋರ್ಡೇ ಇರಲಿಲ್ಲ.’ ಮಾತು ನಿಜವೇ ಇರಬಹುದು. ಆದರೆ ಅದರಿಂದ ದಂಡ ತಪ್ಪುವುದಿಲ್ಲ. ಬೋರ್ಡ್ ಇಲ್ಲದ ಕಡೆ ನಿಲ್ಲಿಸಬಹುದು ಎನ್ನುವುದು ನಮ್ಮ ಊಹೆ. ಕಾನೂನು ಎಲ್ಲಿಯೂ ಹಾಗೆ ಹೇಳಿಲ್ಲ. ಬೋರ್ಡ್ ಇರಲಿ, ಬಿಡಲಿ, ಕೆಲವು ಜಾಗಗಳಲ್ಲಿ ವಾಹನ ನಿಲ್ಲಿಸುವುದು ದೇಶದಾದ್ಯಂತ ನಿಷಿದ್ಧ. ಬೋರ್ಡ್ ಹಾಕುವುದು ಆ ಪಟ್ಟಿಯಲ್ಲಿಲ್ಲದ ಜಾಗಗಳಿಗೆ ಪ್ರತ್ಯೇಕ ನಿರ್ಬಂಧ ಹೇರಲು.

ಎರಡನೆಯ ತಪ್ಪು ಕ್ರಮಕ್ಕೆ ಸಂಬಂಧಿಸಿದ್ದು. ನಾವು ಮೊದಲು ಖಾಲಿ ಜಾಗ ಹುಡುಕುತ್ತೇವೆ, ಗಾಡಿ ತೂರಿಸುತ್ತೇವೆ, ಇಳಿದು ಬೀಗ ಹಾಕುತ್ತೇವೆ, ಆಮೇಲೆ ಒಮ್ಮೆ ಅತ್ತಿತ್ತ ನೋಡುತ್ತೇವೆ. ಅಷ್ಟು ಹೊತ್ತಿಗೆ ಮನಸ್ಸು ‘ಇಲ್ಲಿ ನಿಲ್ಲಿಸಬಹುದು’ ಎಂದು ತೀರ್ಮಾನಿಸಿ ಆಗಿರುತ್ತದೆ. ಬೋರ್ಡ್ ಕಂಡರೂ ಅದಕ್ಕೊಂದು ನೆಪ ಹುಟ್ಟುತ್ತದೆ. ಈ ಕ್ರಮವನ್ನು ತಲೆಕೆಳಗು ಮಾಡಬೇಕು: ಮೊದಲು ಜಾಗದ ಸ್ವಭಾವ, ನಂತರ ಬೋರ್ಡ್, ನಂತರ ನೆಲದ ಗೆರೆ, ನಂತರ ವೇಳೆ, ಕೊನೆಗೆ ಸ್ಟೀರಿಂಗ್. ಕೆಳಗಿನ ಹಂತಗಳು ಅದೇ ಸಾಲಿನಲ್ಲಿವೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು, ಆದರೆ ನಿಯಮಗಳು ಮೈಸೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿಗೂ ಅವೇ.

ಹೊರಡುವ ಮೊದಲು: ಜೊತೆಗಿರಬೇಕಾದವು

ಹೆಚ್ಚೇನೂ ಬೇಡ. ಪ್ರತಿಫಲಿಸುವ ಎಚ್ಚರಿಕೆಯ ತ್ರಿಕೋನ, ಇಳಿಜಾರಿನಲ್ಲಿ ಚಕ್ರಕ್ಕೆ ಒತ್ತುಕೊಡಲು ಒಂದು ಮರದ ತುಂಡು, ಫೋಟೊ ತೆಗೆಯಲು ಮೊಬೈಲ್. ಇವೆಲ್ಲಕ್ಕಿಂತ ಮುಖ್ಯವಾದದ್ದು ಮನೆಯಲ್ಲೇ ಮಾಡಬೇಕಾದ ಕೆಲಸ: ವಾಹನದ ನೋಂದಣಿ ದಾಖಲೆಯಲ್ಲಿ ಈಗ ಬಳಸುತ್ತಿರುವ ಮೊಬೈಲ್ ಸಂಖ್ಯೆಯೇ ಇದೆಯೇ ಎಂದು ನೋಡಿಕೊಳ್ಳುವುದು. ಹಳೆಯ ಸಂಖ್ಯೆ ಇದ್ದರೆ ದಂಡದ ಸಂದೇಶ ಬೇರೆ ಯಾರಿಗೋ ಹೋಗುತ್ತದೆ, ಬಾಕಿ ಮಾತ್ರ ನಿಮ್ಮ ಹೆಸರಿನಲ್ಲಿ ಬೆಳೆಯುತ್ತದೆ. ಹಳೆಯ ಗಾಡಿ ಕೊಂಡವರಿಗೆ ಈ ತೊಂದರೆ ಹೆಚ್ಚು.

ಹಂತ 1: ಬೋರ್ಡ್ ಹುಡುಕುವ ಮೊದಲು ಜಾಗವನ್ನು ನೋಡಿ

2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಕೆಲವು ಜಾಗಗಳಲ್ಲಿ ಪಾರ್ಕಿಂಗನ್ನು ನೇರವಾಗಿ ನಿಷೇಧಿಸುತ್ತದೆ. ಪಾದಚಾರಿ ಮಾರ್ಗ, ಸೈಕಲ್ ಪಥ, ಜೀಬ್ರಾ ಪಟ್ಟೆ ಇವು ಎಲ್ಲರಿಗೂ ಗೊತ್ತಿರುವವು. ಗೊತ್ತಿದ್ದರೂ ಒಂದು ಕಳ್ಳದಾರಿ ಹುಡುಕುತ್ತೇವೆ: ಎರಡು ಚಕ್ರ ಫುಟ್‌ಪಾತಿನ ಮೇಲೆ, ಎರಡು ಕೆಳಗೆ. ಇದರಿಂದ ರಸ್ತೆಗೆ ಉಪಕಾರ ಮಾಡಿದಂತೆ ಅನಿಸುತ್ತದೆ; ಕಾನೂನಿನ ಲೆಕ್ಕದಲ್ಲಿ ಅದು ಫುಟ್‌ಪಾತ್ ಪಾರ್ಕಿಂಗೇ.

ಬಹಳ ಮಂದಿಗೆ ಗೊತ್ತಿಲ್ಲದ್ದು ತಿರುವಿನ ನಿಯಮ. ಕೂಡುರಸ್ತೆಯ ಅಂಚಿನಿಂದ 50 ಮೀಟರ್ ವರೆಗೆ, ಆಚೆಗೂ ಈಚೆಗೂ, ಪಾರ್ಕಿಂಗ್ ಇಲ್ಲ. 50 ಮೀಟರ್ ಎಂದರೆ ಎಷ್ಟು? ನಡೆದರೆ ಸುಮಾರು 65ರಿಂದ 70 ಹೆಜ್ಜೆ. ಬಡಾವಣೆಯಲ್ಲಿದ್ದರೆ ಇನ್ನೂ ಸುಲಭದ ಅಳತೆ ಇದೆ: 30×40 ಅಡಿಯ ಸೈಟಿನ ಮುಂಭಾಗ 30 ಅಡಿ, ಅಂದರೆ ಸುಮಾರು 9 ಮೀಟರ್. ಮೂಲೆ ಮನೆಯಿಂದ ಎಣಿಸಿ ಐದೂವರೆ ಸೈಟು ದಾಟಿದರೆ 50 ಮೀಟರ್ ಆಯಿತು.

ಈ ಲೆಕ್ಕ ಹಾಕಿದ ಕೂಡಲೇ ಒಂದು ಸತ್ಯ ಹೊಳೆಯುತ್ತದೆ. ನಮ್ಮ ಎಷ್ಟೋ ಬಡಾವಣೆಗಳಲ್ಲಿ ಒಂದು ಕ್ರಾಸಿನಿಂದ ಇನ್ನೊಂದು ಕ್ರಾಸಿಗೆ ನೂರು ಮೀಟರೂ ಇರುವುದಿಲ್ಲ. ನಿಯಮವನ್ನು ಅಕ್ಷರಶಃ ಹಿಡಿದರೆ ಇಡೀ ರಸ್ತೆಯಲ್ಲಿ ಒಂದು ಸ್ಕೂಟರಿಗೂ ಜಾಗ ಸಿಗದು. ಹಾಗೆಂದು ನಿಯಮ ಅರ್ಥಹೀನವಲ್ಲ. ಮೂಲೆಯಲ್ಲಿ ನಿಂತ ಕಾರು ಅಡ್ಡರಸ್ತೆಯಿಂದ ಬರುವವನ ನೋಟವನ್ನೇ ಮುಚ್ಚಿಬಿಡುತ್ತದೆ, ಅವನು ಗಾಡಿಯ ಮೂತಿ ಹೊರಗೆ ಹಾಕದೆ ಏನೂ ಕಾಣುವುದಿಲ್ಲ. ನನ್ನ ಸಲಹೆ ಇದು: ಮುಖ್ಯರಸ್ತೆ ಸೇರುವ ತಿರುವಿನಲ್ಲಿ 50 ಮೀಟರನ್ನು ಚಾಚೂ ತಪ್ಪದೆ ಪಾಲಿಸಿ. ಒಳಗಿನ ಅಡ್ಡರಸ್ತೆಗಳಲ್ಲಿ ಮೂಲೆಯಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಹೋಗಿ, ಆದರೆ ದೂರು ಬಂದರೆ ನಿಯಮ ನಿಮ್ಮ ಪರ ಇರುವುದಿಲ್ಲ ಎಂಬುದು ನೆನಪಿರಲಿ.

ಗಂಟೆಗೆ 50 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ವೇಗಮಿತಿಯ ಫಲಕ ಇರುವ ರಸ್ತೆಯಲ್ಲೂ ಪಾರ್ಕಿಂಗ್ ಇಲ್ಲ. ಅಂದರೆ ವೇಗದ ಬೋರ್ಡ್ ಪಾರ್ಕಿಂಗ್ ಬೋರ್ಡೂ ಹೌದು. ಅದನ್ನು ಹಾಗೆ ಓದುವ ಅಭ್ಯಾಸ ನಮಗಿಲ್ಲ, ಅಷ್ಟೇ. ಹೆದ್ದಾರಿ ಬದಿಯ ಎಳನೀರಿನ ಗಾಡಿಯ ಮುಂದೆ ಸಾಲುಗಟ್ಟುವ ಕಾರುಗಳೆಲ್ಲ ಈ ನಿಯಮದಡಿ ಬರುತ್ತವೆ.

ಉಳಿದವು ಇವು: ಬಸ್ ನಿಲ್ದಾಣದ ಬಳಿ, ಶಾಲೆ ಮತ್ತು ಆಸ್ಪತ್ರೆಗಳ ಬಾಗಿಲ ಬಳಿ, ಸುರಂಗದಲ್ಲಿ, ಬಸ್ ಪಥದಲ್ಲಿ, ಸಂಚಾರ ಫಲಕ ಮರೆಯಾಗುವ ಹಾಗೆ, ಅಗ್ನಿಶಾಮಕ ನೀರಿನ ಕೊಳಾಯಿಗೆ ಅಡ್ಡವಾಗಿ, ಯಾವುದೇ ಮನೆ ಅಥವಾ ಕಟ್ಟಡದ ಗೇಟಿನ ಮುಂದೆ. ಕೊನೆಯದಕ್ಕೆ ಮನೆಯವರು ಬೋರ್ಡ್ ಹಾಕಿರಲೇಬೇಕೆಂದಿಲ್ಲ. ಗೇಟು ತುಕ್ಕು ಹಿಡಿದು ವರ್ಷಗಳಿಂದ ತೆರೆದಿಲ್ಲವೆಂದು ಕಂಡರೂ ಅದು ಗೇಟೇ.

ಇವೆಲ್ಲದರ ಹಿಂದೆ 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ನಿಂತಿದೆ: ಇತರರಿಗೆ ಅಪಾಯ, ಅಡಚಣೆ ಅಥವಾ ಅನಗತ್ಯ ತೊಂದರೆ ಆಗುವಂತೆ ವಾಹನವನ್ನು ಸಾರ್ವಜನಿಕ ಜಾಗದಲ್ಲಿ ಬಿಡುವಂತಿಲ್ಲ. ಪಟ್ಟಿಯಲ್ಲಿ ಇಲ್ಲದ ಜಾಗವೂ ಈ ಬಲೆಯೊಳಗೆ ಬರಬಹುದು.

ಹಂತ 2: ಬೋರ್ಡನ್ನು ಪೂರ್ತಿ ಓದಿ, ಕೆಳಗಿನ ಪಟ್ಟಿಯನ್ನೂ ಸೇರಿಸಿ

ನೀಲಿ ವೃತ್ತ, ಕೆಂಪು ಅಂಚು, ಒಂದು ಕೆಂಪು ಓರೆ ಪಟ್ಟಿ: ಪಾರ್ಕಿಂಗ್ ಇಲ್ಲ. ಅದೇ ನೀಲಿ ವೃತ್ತದಲ್ಲಿ ಎರಡು ಕೆಂಪು ಪಟ್ಟಿ ಒಂದನ್ನೊಂದು ಅಡ್ಡ ಹಾಯ್ದಿದ್ದರೆ ನಿಲ್ಲಿಸುವುದೇ ನಿಷಿದ್ಧ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದೆ ಬಿಸಿ ಮುಟ್ಟಿಸಿಕೊಂಡವರು ಅನೇಕ. ಮೊದಲನೆಯದರ ಕೆಳಗೆ ಅಜ್ಜಿಯನ್ನು ಇಳಿಸಿ ಕೂಡಲೇ ಮುಂದೆ ಹೋಗಬಹುದು. ಎರಡನೆಯದರ ಕೆಳಗೆ ಅದಕ್ಕೂ ಅವಕಾಶವಿಲ್ಲ. ಹಳೆಯ ಮಾದರಿಯ ಬಿಳಿ ಹಿನ್ನೆಲೆಯ, ಇಂಗ್ಲಿಷಿನ ‘ಪಿ’ ಅಕ್ಷರಕ್ಕೆ ಗೆರೆ ಎಳೆದ ಬೋರ್ಡುಗಳೂ ಅನೇಕ ಕಡೆ ಉಳಿದಿವೆ. ಬಣ್ಣ ಮಾಸಿದೆ ಎಂಬ ಕಾರಣಕ್ಕೆ ಅವುಗಳ ಅಧಿಕಾರ ಮಾಸಿಲ್ಲ.

ಚೌಕಾಕಾರದ ನೀಲಿ ಹಲಗೆಯ ಮೇಲೆ ಬಿಳಿ ‘ಪಿ’ ಇದ್ದರೆ ಅದು ಅನುಮತಿ. ಅದರ ಜೊತೆಗಿರುವ ಚಿತ್ರವನ್ನು ಬಿಡಬೇಡಿ. ಸ್ಕೂಟರ್ ಚಿತ್ರವಿದ್ದರೆ ಕಾರಿಗೆ ಜಾಗವಿಲ್ಲ, ಆಟೊ ಚಿತ್ರವಿದ್ದರೆ ಅದು ಆಟೊ ನಿಲ್ದಾಣ, ಗಾಲಿಕುರ್ಚಿಯ ಚಿತ್ರವಿದ್ದರೆ ಅದು ಅಂಗವಿಕಲರಿಗೆ ಮೀಸಲು. ಕೊನೆಯದರಲ್ಲಿ ‘ಈಗ ಯಾರೂ ಇಲ್ಲವಲ್ಲ’ ಎನ್ನುವ ವಾದಕ್ಕೆ ನನ್ನಲ್ಲಿ ತಾಳ್ಮೆಯಿಲ್ಲ. ಆ ಜಾಗ ಖಾಲಿ ಇದ್ದರೆ ಮಾತ್ರ ಅದರಿಂದ ಉಪಯೋಗ.

ಬೋರ್ಡಿನ ಕೆಳಗೆ ಬಾಣದ ಗುರುತಿದ್ದರೆ ಅದು ನಿರ್ಬಂಧ ಯಾವ ಕಡೆಗೆ ಅನ್ವಯಿಸುತ್ತದೆ ಎಂಬುದನ್ನು ಹೇಳುತ್ತದೆ. ಎರಡು ತುದಿಯ ಬಾಣ ಕಂಡರೆ ನೀವು ನಿರ್ಬಂಧಿತ ಭಾಗದ ನಡುವೆ ಇದ್ದೀರಿ ಎಂದರ್ಥ. ಬೋರ್ಡ್ ದಾಟಿ ಹತ್ತು ಹೆಜ್ಜೆ ಮುಂದೆ ನಿಲ್ಲಿಸಿ ‘ಬೋರ್ಡಿನ ಕೆಳಗೆ ನಿಲ್ಲಿಸಲಿಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವುದು ಈ ಬಾಣವನ್ನು ಓದದ ಪರಿಣಾಮ. ಬಾಣದ ಬದಲು ದೂರವನ್ನು ಮೀಟರಿನಲ್ಲಿ ಬರೆದಿದ್ದರೆ ಮತ್ತೆ ಹೆಜ್ಜೆ ಎಣಿಸಿ.

ಮನೆಯವರು ಹಾಕಿದ ಬೋರ್ಡುಗಳ ಮಾತೇನು? ಹೂಕುಂಡ, ಹಗ್ಗ ಕಟ್ಟಿದ ಕಲ್ಲು, ‘ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’ ಎಂಬ ಬೆದರಿಕೆ ಬೆಂಗಳೂರಿನ ಪ್ರತಿ ಬೀದಿಯಲ್ಲೂ ಕಾಣುತ್ತವೆ. ಸಂಚಾರ ಫಲಕ ನೆಡಿಸುವ ಅಧಿಕಾರವನ್ನು ಕಾಯ್ದೆಯ 116ನೇ ಕಲಂ ಸರ್ಕಾರಕ್ಕೆ ಮತ್ತು ಅದು ಅಧಿಕಾರ ಕೊಟ್ಟವರಿಗೆ ನೀಡಿದೆ. ಮನೆ ಯಜಮಾನರಿಗೆ ಕೊಟ್ಟಿಲ್ಲ. ಕಾಂಪೌಂಡಿನ ಮುಂದಿನ ರಸ್ತೆ ಅವರ ಸ್ವತ್ತೂ ಅಲ್ಲ. ಆದರೆ ಅದೇ ಕಾಂಪೌಂಡಿನ ಗೇಟಿನ ಮುಂದಿನ ಜಾಗ, ಹಂತ 1ರಲ್ಲಿ ಹೇಳಿದಂತೆ, ಬೋರ್ಡಿನ ಹಂಗಿಲ್ಲದೆ ನಿಷಿದ್ಧ. ಆದ್ದರಿಂದ ಹೂಕುಂಡದ ಎದುರು ಹೋರಾಡುವ ಮೊದಲು ಅದು ಗೇಟಿನ ಮುಂದಿದೆಯೋ ಗೋಡೆಯ ಮುಂದಿದೆಯೋ ನೋಡಿ. ಗೋಡೆಯ ಮುಂದಿದ್ದರೆ ಕಾನೂನು ನಿಮ್ಮ ಪರ. ಟೈರಿನ ಗಾಳಿ ಯಾರ ಪರ ಎಂಬುದು ಬೇರೆ ಪ್ರಶ್ನೆ.

ಹಂತ 3: ನೆಲದ ಗೆರೆಗಳನ್ನು ಓದಿ

ರಸ್ತೆಯ ಅಂಚಿನಲ್ಲಿ ತುಂಡಾಗದೆ ಸಾಗುವ ಹಳದಿ ಗೆರೆ ಇದ್ದರೆ ಅಲ್ಲಿ ಪಾರ್ಕಿಂಗ್ ನಿಷಿದ್ಧ. ಇದೂ 2017ರ ನಿಯಮಾವಳಿಯಲ್ಲೇ ಇದೆ, ಬೋರ್ಡ್ ಜೊತೆಗಿರಬೇಕಾಗಿಲ್ಲ. ತೊಂದರೆ ಏನೆಂದರೆ ನಮ್ಮಲ್ಲಿ ಧೂಳು, ಡಾಂಬರಿನ ತೇಪೆ, ಹಳೆಯ ಗೆರೆಯ ಮೇಲೆ ಹೊಸ ಗೆರೆ ಎಲ್ಲವೂ ಒಟ್ಟಿಗೆ ಇರುತ್ತವೆ. ನಿಲ್ಲಿಸುವ ಜಾಗದಲ್ಲಿ ಗೆರೆ ಕಾಣದಿದ್ದರೆ ಹಿಂದೆ ಮುಂದೆ ಇಪ್ಪತ್ತು ಮೀಟರ್ ಕಣ್ಣು ಹಾಯಿಸಿ. ಎರಡೂ ಕಡೆ ಹಳದಿ ಇದ್ದು ನಡುವೆ ಮಾತ್ರ ಇಲ್ಲದಿದ್ದರೆ ಅದು ರಸ್ತೆ ಅಗೆದು ಮುಚ್ಚಿದ ಗುರುತು, ಅನುಮತಿಯಲ್ಲ.

ಅಂಚಿನ ಬಿಳಿ ಗೆರೆಯ ಕೆಲಸ ಬೇರೆ. ವಾಹನ ಓಡುವ ಭಾಗ ಎಲ್ಲಿ ಮುಗಿಯುತ್ತದೆ ಎಂದು ಅದು ತೋರಿಸುತ್ತದೆ. ಹೆದ್ದಾರಿಯಲ್ಲಿ ಆ ಗೆರೆಯ ಆಚೆ ಇರುವ ಅಂಚನ್ನು ವಿಶ್ರಾಂತಿ ತಾಣವೆಂದು ಭಾವಿಸುವುದು ದೊಡ್ಡ ತಪ್ಪು; ರಾತ್ರಿ ನಿಂತ ಲಾರಿಗಳ ಹಿಂಬದಿಗೆ ಕಾರು ನುಗ್ಗುವ ಅಪಘಾತಗಳು ಅಲ್ಲಿ ಆಗುತ್ತವೆ. ಗಾಡಿ ಕೆಟ್ಟಿದ್ದರೆ ಮಾತ್ರ ಅಲ್ಲಿಗೆ ಸರಿಸಿ, ಎಚ್ಚರಿಕೆಯ ದೀಪ ಹಾಕಿ, ತ್ರಿಕೋನವನ್ನು ಸಾಕಷ್ಟು ಹಿಂದೆ ಇಟ್ಟು, ಜನರನ್ನು ಗಾಡಿಯೊಳಗೆ ಕೂರಿಸದೆ ರಸ್ತೆಯಿಂದ ದೂರ ನಿಲ್ಲಿಸಿ.

ಕಪ್ಪು-ಬಿಳುಪು ಪಟ್ಟೆ ಬಳಿದ ಕಲ್ಲಂಚನ್ನು ಕೆಲವರು ‘ಇಲ್ಲಿ ನಿಲ್ಲಿಸಬಹುದು’ ಎಂದೂ, ಕೆಲವರು ‘ಇಲ್ಲಿ ನಿಲ್ಲಿಸಬಾರದು’ ಎಂದೂ ಓದುತ್ತಾರೆ. ಎರಡೂ ತಪ್ಪು. ಕತ್ತಲಲ್ಲಿ ಕಲ್ಲು ಕಣ್ಣಿಗೆ ಬೀಳಲಿ ಎಂಬುದಷ್ಟೇ ಆ ಬಣ್ಣದ ಉದ್ದೇಶ.

ನಡುಗೆರೆಯನ್ನೂ ಗಮನಿಸಿ. ತುಂಡು ಗೆರೆ ಇದ್ದರೆ ಹಿಂದಿನಿಂದ ಬರುವವರು ಎಚ್ಚರದಿಂದ ದಾಟಿ ಮುಂದೆ ಹೋಗಬಹುದು. ಅಖಂಡ ಗೆರೆ ಇದ್ದರೆ ದಾಟುವಂತಿಲ್ಲ. ಹೀಗಾಗಿ ಅಖಂಡ ನಡುಗೆರೆಯ ಕಿರಿದಾದ ರಸ್ತೆಯಲ್ಲಿ ನೀವು ಬದಿಗೆ ನಿಲ್ಲಿಸಿದರೆ, ಹಿಂದೆ ಬರುವವನು ನಿಯಮ ಮುರಿಯದೆ ನಿಮ್ಮನ್ನು ದಾಟಲಾರ. ಅಂಥ ಕಡೆ ಬೋರ್ಡ್ ಇಲ್ಲದಿದ್ದರೂ ನಿಮ್ಮ ಗಾಡಿ ಅಡಚಣೆಯೇ. ಘಟ್ಟದ ತಿರುವುಗಳಲ್ಲಿ, ಸೇತುವೆಗಳ ಮೇಲೆ ಇದು ಮತ್ತೆ ಮತ್ತೆ ಆಗುತ್ತದೆ. ಜಲಪಾತ ಕಂಡ ಕೂಡಲೇ ಬ್ರೇಕ್ ಹಾಕುವ ಪ್ರವಾಸಿಗರು ಇದನ್ನೊಮ್ಮೆ ಯೋಚಿಸಬೇಕು.

ಸಿಗ್ನಲ್‌ಗಳಲ್ಲಿ ಹಳದಿ ಗೆರೆಗಳು ಬಲೆಯಂತೆ ಹೆಣೆದುಕೊಂಡ ಚೌಕ ಇದ್ದರೆ, ಆಚೆ ಹೊರಬೀಳಲು ಜಾಗ ಇದೆಯೆಂದು ಖಚಿತವಾಗುವ ತನಕ ಅದರೊಳಗೆ ಹೋಗಬಾರದು. ಪಾರ್ಕಿಂಗ್ ಮಾತು ದೂರವೇ ಉಳಿಯಿತು. ಹಸಿರು ದೀಪ ಇದ್ದರೂ ಈ ನಿಯಮ ಬದಲಾಗದು.

ಇನ್ನು ಬಿಳಿ ಗೆರೆಯ ಪಾರ್ಕಿಂಗ್ ಚೌಕಗಳು. ಗೆರೆ ಓರೆಯಾಗಿದ್ದರೆ ಓರೆಯಾಗಿ, ರಸ್ತೆಗೆ ಸಮಾನಾಂತರವಾಗಿದ್ದರೆ ಸಮಾನಾಂತರವಾಗಿ ನಿಲ್ಲಿಸಿ. ಎರಡು ಚೌಕಗಳ ನಡುವಿನ ಗೆರೆಯ ಮೇಲೆ ನಿಂತ ಒಂದು ಕಾರು ಇಬ್ಬರ ಜಾಗ ನುಂಗುತ್ತದೆ, ಗುರುತಿಸಿದ ರೀತಿ ಬಿಟ್ಟು ನಿಲ್ಲಿಸುವುದೂ ಉಲ್ಲಂಘನೆಯೇ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಯಂಥ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ (ಆ ಹೆಸರಿನ ಯೋಜನೆಯಡಿ ಹೊಸದಾಗಿ ವಿನ್ಯಾಸಗೊಳಿಸಿದ ರಸ್ತೆಗಳು) ಪಾರ್ಕಿಂಗ್ ಜಾಗವನ್ನು ಫುಟ್‌ಪಾತಿನೊಳಕ್ಕೆ ಕೊರೆದು ಮಾಡಿದ್ದಾರೆ. ಅಲ್ಲಿ ಆ ಕೊರೆದ ಜಾಗದ ಹೊರಗೆ ನಿಲ್ಲಿಸಿದರೆ ಸಂಚಾರದ ಪಥದಲ್ಲೇ ನಿಲ್ಲಿಸಿದಂತೆ.

ಹಂತ 4: ವೇಳೆ ಮತ್ತು ದಿನಾಂಕ

ಬೋರ್ಡಿನಡಿಯ ಸಣ್ಣ ಪಟ್ಟಿಯಲ್ಲಿ ವೇಳೆ ಬರೆದಿದ್ದರೆ ಆ ವೇಳೆಯ ಹೊರಗೆ ಮಾತ್ರ ನಿರ್ಬಂಧ ಸಡಿಲ. ವೇಳೆಯನ್ನೇ ಬರೆಯದಿದ್ದರೆ ನಿರ್ಬಂಧ ಹಗಲಿರುಳೂ ಉಂಟು; ‘ರಾತ್ರಿ ಯಾರು ಕೇಳುತ್ತಾರೆ’ ಎಂಬುದು ನಿಯಮವಲ್ಲ.

ಮಾರುಕಟ್ಟೆ ಬೀದಿಗಳಲ್ಲಿ ಸಮ ದಿನಾಂಕಕ್ಕೆ ಒಂದು ಬದಿ, ಬೆಸ ದಿನಾಂಕಕ್ಕೆ ಇನ್ನೊಂದು ಬದಿ ಎಂಬ ವ್ಯವಸ್ಥೆ ಉಂಟು. ಇದರಲ್ಲಿ ಎರಡು ಗುಂಡಿಗಳಿವೆ. ಒಂದು, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಬಂದವರದು: ದಿನಾಂಕ ನಡುರಾತ್ರಿಗೆ ಬದಲಾಗಿರುತ್ತದೆ, ಗಾಡಿ ಮಾತ್ರ ನಿನ್ನೆಯ ಬದಿಯಲ್ಲೇ ಇರುತ್ತದೆ. ಇನ್ನೊಂದು, ತಿಂಗಳ ಕೊನೆಯದು: 31 ಬೆಸ, ಮರುದಿನ 1 ಕೂಡ ಬೆಸ. ದಿನಕ್ಕೊಮ್ಮೆ ಬದಿ ಬದಲಿಸುವ ರೂಢಿಯಲ್ಲಿ ಒಂದನೇ ತಾರೀಕು ಗಾಡಿ ಸರಿಸಿದವರು ತಪ್ಪು ಬದಿಯಲ್ಲಿ ನಿಂತಿರುತ್ತಾರೆ. ಅಧಿಕ ವರ್ಷದ ಫೆಬ್ರುವರಿ 29ರ ಮರುದಿನವೂ ಇದೇ ಕಥೆ.

ತಾತ್ಕಾಲಿಕ ಆದೇಶಗಳನ್ನು ಮರೆಯಬೇಡಿ. ಮೈಸೂರಿನ ದಸರಾ ಸಮಯದಲ್ಲಿ ಅರಮನೆಯ ಸುತ್ತಲಿನ ರಸ್ತೆಗಳಲ್ಲಿ, ಬಸವನಗುಡಿಯ ಕಡಲೆಕಾಯಿ ಪರಿಷೆಯ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಯ ಆಸುಪಾಸಿನಲ್ಲಿ, ಊರೂರಿನ ರಥೋತ್ಸವ ಮತ್ತು ಸಂತೆಯ ದಿನಗಳಲ್ಲಿ ಎಂದಿನ ಪಾರ್ಕಿಂಗ್ ರದ್ದಾಗುತ್ತದೆ. ಪತ್ರಿಕೆಯಲ್ಲಿ, ಸಂಚಾರ ಪೊಲೀಸರ ಸಾಮಾಜಿಕ ಜಾಲತಾಣದ ಪುಟಗಳಲ್ಲಿ ಹಿಂದಿನ ದಿನವೇ ಪ್ರಕಟಣೆ ಬಂದಿರುತ್ತದೆ.

ಹಂತ 5: ಉಳಿಯುವ ಅಗಲವನ್ನು ಲೆಕ್ಕ ಹಾಕಿ

ಇದು ಯಾರೂ ಮಾಡದ, ಎಲ್ಲರೂ ಮಾಡಬೇಕಾದ ಲೆಕ್ಕ. ಹಳೆಯ ಬಡಾವಣೆಯ ಇಪ್ಪತ್ತು ಅಡಿ ರಸ್ತೆ ಎಂದರೆ ಸುಮಾರು 6 ಮೀಟರ್. ಸಾಮಾನ್ಯ ಕಾರಿನ ಅಗಲ 1.7 ಮೀಟರಿನ ಆಸುಪಾಸು. ಒಂದು ಬದಿಗೆ ಮಾತ್ರ ಕಾರು ನಿಂತರೆ 4 ಮೀಟರ್ ಉಳಿಯುತ್ತದೆ. ಎದುರು ಬದಿಗೂ ಒಂದು ನಿಂತರೆ ಎರಡೂವರೆ ಮೀಟರೂ ಕಷ್ಟ. ಅಗ್ನಿಶಾಮಕ ವಾಹನದ ಅಗಲವೇ ಹೆಚ್ಚುಕಡಿಮೆ ಅಷ್ಟಿರುತ್ತದೆ, ಅದರ ಕನ್ನಡಿಗಳು ಬೇರೆ. ಹಾಗಾಗಿ ಇಂಥ ಬೀದಿಯಲ್ಲಿ ಎದುರು ಬದಿಗೆ ಆಗಲೇ ಕಾರು ಇದ್ದರೆ, ನಿಮ್ಮ ಬದಿ ಖಾಲಿ ಇದ್ದರೂ ಅದು ನಿಮಗೆ ಸಿಗುವ ಜಾಗವಲ್ಲ. ನಿಲ್ಲಿಸಿದ ಮೇಲೆ ಕನಿಷ್ಠ 3 ಮೀಟರ್ ಉಳಿಯಲಿ, ಅಂದರೆ ದೊಡ್ಡವರ ನಾಲ್ಕು ಹೆಜ್ಜೆ.

ಸಮಾನಾಂತರವಾಗಿ ನಿಲ್ಲಿಸಲು ಬೇಕಾದ ಉದ್ದವನ್ನೂ ನೋಡಿ. ಗಾಡಿಯ ಉದ್ದದ ಒಂದೂವರೆ ಪಟ್ಟು ಇದ್ದರೆ ಆರಾಮ. 4 ಮೀಟರ್ ಒಳಗಿನ ಸಣ್ಣ ಕಾರಿಗೆ 6 ಮೀಟರ್ ಸಾಕು. ಅದಕ್ಕಿಂತ ಕಡಿಮೆ ಇದ್ದರೆ ಮುಂದೆ ಹೋಗಿ. ನಟ್ಟನಡುವೆ ಸಿಕ್ಕಿಕೊಂಡು ಹತ್ತು ಬಾರಿ ಹಿಂದೆ ಮುಂದೆ ಮಾಡುವಾಗ ಹಾರ್ನುಗಳ ಸಂಗೀತ ಕೇಳಬೇಕಾಗುತ್ತದೆ.

ಹಂತ 6: ಗಾಡಿಯನ್ನು ಒಳಕ್ಕೆ ತರುವುದು

ಎಡ ಬದಿಗೆ, ಸಂಚಾರದ ದಿಕ್ಕಿಗೇ ಮುಖ ಮಾಡಿ ನಿಲ್ಲಿಸಿ. ಎದುರು ದಿಕ್ಕಿಗೆ ಮುಖ ಮಾಡಿದರೆ ರಾತ್ರಿ ಹಿಂಬದಿಯ ಕೆಂಪು ಪ್ರತಿಫಲಕಗಳು ಬರುವವರಿಗೆ ಕಾಣುವುದಿಲ್ಲ, ಹೊರಡುವಾಗ ಬೇರೆಯವರ ಪಥಕ್ಕೆ ನುಗ್ಗಬೇಕಾಗುತ್ತದೆ.

ಸಮಾನಾಂತರ ಪಾರ್ಕಿಂಗಿನ ಕ್ರಮ ಹೀಗಿದೆ. ಎಡ ಇಂಡಿಕೇಟರ್ ಹಾಕಿ, ಖಾಲಿ ಜಾಗದ ಮುಂದಿರುವ ಕಾರಿನ ಪಕ್ಕಕ್ಕೆ ಬನ್ನಿ, ನಡುವೆ ಒಂದು ತೋಳಿನಷ್ಟು ಅಂತರವಿರಲಿ, ಎರಡು ಕಾರುಗಳ ಹಿಂಭಾಗ ಒಂದೇ ಸಾಲಿಗೆ ಬರಲಿ. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ನಿಧಾನವಾಗಿ ಹಿಂದಕ್ಕೆ ಬನ್ನಿ. ನಿಮ್ಮ ಕಾರು ರಸ್ತೆಗೆ ಸುಮಾರು 45 ಡಿಗ್ರಿ ಓರೆಯಾದಾಗ ಚಕ್ರ ನೇರ ಮಾಡಿ ಇನ್ನಷ್ಟು ಹಿಂದಕ್ಕೆ. ನಿಮ್ಮ ಮುಂದಿನ ಎಡ ಮೂಲೆ ಮುಂದಿನ ಕಾರಿನ ಹಿಂಭಾಗವನ್ನು ದಾಟಿತೆಂದು ಖಚಿತವಾದ ಮೇಲೆ ಸ್ಟೀರಿಂಗ್ ಪೂರ್ತಿ ಬಲಕ್ಕೆ. ಹೆಚ್ಚಿನವರು ಎಡವುವುದು ಈ ಕೊನೆಯ ತಿರುವಿನಲ್ಲಿ: ಬೇಗ ತಿರುಗಿಸಿದರೆ ಮುಂದಿನ ಕಾರಿಗೆ ಒರೆಯುತ್ತದೆ, ತಡವಾದರೆ ಹಿಂದಿನ ಚಕ್ರ ಕಲ್ಲಂಚಿಗೆ ಬಡಿಯುತ್ತದೆ. ಬಡಿದರೆ ಒತ್ತಾಯಿಸಬೇಡಿ, ಮುಂದೆ ಬಂದು ಮತ್ತೆ ಶುರು ಮಾಡಿ. ಅಂಚಿನಿಂದ ಒಂದು ಗೇಣು ದೂರ ಸಾಕು. ಚರಂಡಿಯ ಚಪ್ಪಡಿ ಸಡಿಲವಾಗಿದೆಯೇ ಎಂದು ಮಾತ್ರ ಇಳಿದು ನೋಡಿ.

ಇಳಿಜಾರಿನಲ್ಲಿ, ಮಡಿಕೇರಿಯಂಥ ಊರಿನಲ್ಲಿ, ಚಕ್ರದ ದಿಕ್ಕು ಮುಖ್ಯ. ಕೆಳಮುಖವಾಗಿ ನಿಲ್ಲಿಸಿದರೆ ಮುಂದಿನ ಚಕ್ರಗಳು ಎಡಕ್ಕೆ, ಕಲ್ಲಂಚಿನ ಕಡೆಗೆ, ಗೇರು ರಿವರ್ಸ್. ಮೇಲ್ಮುಖವಾಗಿದ್ದು ಕಲ್ಲಂಚು ಇದ್ದರೆ ಚಕ್ರಗಳು ಬಲಕ್ಕೆ, ಗೇರು ಒಂದು. ಕಲ್ಲಂಚೇ ಇಲ್ಲದಿದ್ದರೆ ಎರಡು ಸಂದರ್ಭದಲ್ಲೂ ಎಡಕ್ಕೆ, ಗಾಡಿ ಉರುಳಿದರೂ ರಸ್ತೆಯ ನಡುವೆ ಬಾರದಂತೆ. ಕೈಬ್ರೇಕ್ ಹಾಕಿದ್ದರೂ ಚಕ್ರಕ್ಕೆ ಮರದ ತುಂಡು ಒಡ್ಡಿ.

ದ್ವಿಚಕ್ರದವರಿಗೆ ಎರಡು ಮಾತು: ಬೇಸಿಗೆಯ ಮಧ್ಯಾಹ್ನ ಹೊಸ ಡಾಂಬರಿನಲ್ಲಿ ಸೈಡ್ ಸ್ಟ್ಯಾಂಡ್ ಹುಗಿದುಹೋಗುತ್ತದೆ, ಚಪ್ಪಟೆ ಕಲ್ಲೊಂದನ್ನು ಕೆಳಗಿಡಿ. ಕಾರಿನ ಪಾರ್ಕಿಂಗ್ ಚೌಕದಲ್ಲಿ ಅಡ್ಡಡ್ಡಲಾಗಿ ಒಂದೇ ಸ್ಕೂಟರ್ ನಿಲ್ಲಿಸಬೇಡಿ.

ಹಂತ 7: ಇಳಿಯುವ ಮೊದಲು, ಇಳಿದ ಮೇಲೆ

ಚಾಲಕನ ಬಾಗಿಲು ತೆರೆಯುವುದು ರಸ್ತೆಯ ಕಡೆಗೆ. ಅದನ್ನು ಎಡಗೈಯಿಂದ ತೆರೆಯುವ ಅಭ್ಯಾಸ ಮಾಡಿಕೊಳ್ಳಿ; ಮೈ ತಾನಾಗಿ ತಿರುಗಿ ಹಿಂದೆ ಬರುವ ಬೈಕು ಕಣ್ಣಿಗೆ ಬೀಳುತ್ತದೆ.

ಎಚ್ಚರಿಕೆಯ ದೀಪ ನಾಲ್ಕೂ ಕಡೆ ಮಿನುಗಿಸಿಟ್ಟು ಅಂಗಡಿಗೆ ಓಡುವುದು ನಮ್ಮ ರಾಷ್ಟ್ರೀಯ ಅಭ್ಯಾಸ. ಆ ದೀಪ ಗಾಡಿ ಕೆಟ್ಟಿದೆ ಎಂದು ಹೇಳುವುದಕ್ಕೆ. ‘ಎರಡೇ ನಿಮಿಷ’ ಎಂಬ ಪರವಾನಗಿಯನ್ನು ಅದು ಕೊಡುವುದಿಲ್ಲ. ಹಾಗೆಯೇ ಏಸಿಗಾಗಿ ಎಂಜಿನ್ ಓಡಿಸಿಟ್ಟು ಮಕ್ಕಳನ್ನು ಒಳಗೆ ಬಿಟ್ಟು ಹೋಗುವುದು: ಕಾಯ್ದೆಯ 126ನೇ ಕಲಂ ಪ್ರಕಾರ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಕುಳಿತಿರಬೇಕು, ಇಲ್ಲವೇ ಎಂಜಿನ್ ಆರಿಸಿ ಬ್ರೇಕ್ ಹಾಕಿರಬೇಕು.

ಇಳಿದ ಮೇಲೆ ಮೂರು ಫೋಟೊ ತೆಗೆಯಿರಿ: ಗಾಡಿ ಮತ್ತು ನೆಲದ ಗೆರೆ ಒಟ್ಟಿಗೆ ಕಾಣುವ ಹಾಗೆ ಒಂದು, ಹತ್ತಿರದ ಬೋರ್ಡಿನದು ಒಂದು, ರಸ್ತೆಯ ಎರಡೂ ಕಡೆ ಕಾಣುವಂಥದ್ದು ಒಂದು. ಮುಂದೆ ವಾದ ಮಾಡಬೇಕಾಗಿ ಬಂದರೆ ನೆನಪಿಗಿಂತ ಇವು ಹೆಚ್ಚು ಮಾತಾಡುತ್ತವೆ.

ಹಣ ಕೇಳುವವರಿದ್ದರೆ ಮೊದಲು ದರದ ಫಲಕ ತೋರಿಸಲು ಹೇಳಿ, ಸಮಯ ನಮೂದಾದ ರಸೀದಿ ಪಡೆಯಿರಿ. ಫಲಕವೂ ಇಲ್ಲ, ರಸೀದಿಯೂ ಇಲ್ಲ, ಕೈಯಲ್ಲಿ ಹರಿದ ಚೀಟಿಯ ಕಟ್ಟು ಮಾತ್ರ ಇದೆ ಎಂದರೆ ಅದು ಅಧಿಕೃತ ಪಾರ್ಕಿಂಗ್ ಎಂಬುದಕ್ಕೆ ಆಧಾರವಿಲ್ಲ. ಹಣ ಕೊಟ್ಟಿದ್ದೀರಿ ಎಂಬ ಕಾರಣಕ್ಕೆ ಪೊಲೀಸರ ದಂಡ ತಪ್ಪುವುದಿಲ್ಲ. ರಸೀದಿಯ ಅವಧಿ ಮೀರಿ ನಿಲ್ಲಿಸುವುದೂ ಉಲ್ಲಂಘನೆಯೇ.

ಕಂಡರೆ ಮುಂದೆ ಸಾಗಬೇಕಾದ ಸೂಚನೆಗಳು

ಗಿಜಿಗುಟ್ಟುವ ಬೀದಿಯಲ್ಲಿ ಒಂದೇ ಒಂದು ಜಾಗ ಖಾಲಿ ಉಳಿದಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ: ಮರದ ಹಿಂದೆ ಮರೆಯಾದ ಬೋರ್ಡ್, ಕುಸಿದ ಚಪ್ಪಡಿ, ಅಥವಾ ಮೇಲೆ ಒಣಗಿದ ಕೊಂಬೆ. ಏಪ್ರಿಲ್-ಮೇ ತಿಂಗಳ ಮಳೆಗಾಳಿಗೆ ಬೆಂಗಳೂರಿನಲ್ಲಿ ಮರ ಬಿದ್ದು ಜಖಂಗೊಳ್ಳುವ ಕಾರುಗಳು ಪ್ರತಿ ವರ್ಷದ ಸುದ್ದಿ.

ನೆಲದಲ್ಲಿ ಒಡೆದ ಗಾಜಿನ ಪುಡಿ ಕಂಡರೆ ಅಲ್ಲಿ ನಿಂತ ಗಾಡಿಗೆ ಯಾರೋ ಗುದ್ದಿದ್ದಾರೆ, ಇಲ್ಲವೇ ಕಿಟಕಿ ಒಡೆದಿದ್ದಾರೆ. ಕಲ್ಲಂಚಿನ ಮೂಲೆ ಮುರಿದಿದ್ದರೆ ದೊಡ್ಡ ಲಾರಿಗಳು ಅಲ್ಲಿ ತಿರುಗುತ್ತವೆ.

‘ಎಲ್ಲರೂ ನಿಲ್ಲಿಸಿದ್ದಾರೆ’ ಎಂಬುದು ಎಲ್ಲಕ್ಕಿಂತ ಮೋಸದ ಸೂಚನೆ. ಇಡೀ ಸಾಲಿಗೆ ಒಂದೇ ಸುತ್ತಿನಲ್ಲಿ ದಂಡ ಹಾಕುವುದು ಪೊಲೀಸರಿಗೆ ಸುಲಭದ ಕೆಲಸ.

ಹಂತ 8: ದಂಡ ಬಿದ್ದರೆ, ಗಾಡಿ ಕಾಣದಿದ್ದರೆ

ಬೆಂಗಳೂರಿನಲ್ಲಿ 2022ರ ಆರಂಭದಲ್ಲಿ ದೂರುಗಳ ಸುರಿಮಳೆಯ ನಂತರ ಟೋಯಿಂಗ್ ನಿಲ್ಲಿಸಿದಾಗ ಪಾರ್ಕಿಂಗ್ ನಿಯಮವೇ ನಿಂತಿತೆಂದು ಅನೇಕರು ಭಾವಿಸಿದರು. ನಿಯಮ ಎಲ್ಲಿಗೂ ಹೋಗಿರಲಿಲ್ಲ. ಕಾಯ್ದೆಯ 127ನೇ ಕಲಂ ನಿಷೇಧಿತ ಜಾಗದಲ್ಲಿ ನಿಂತ ವಾಹನವನ್ನು ಎಳೆದೊಯ್ಯಲು ಅಥವಾ ಚಕ್ರಕ್ಕೆ ಬೀಗ ಹಾಕಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಅಧಿಕಾರ ಕೊಡುತ್ತದೆ. ಹತ್ತು ಗಂಟೆಗೂ ಹೆಚ್ಚು ಕಾಲ ಅನಾಥವಾಗಿ ಬಿಟ್ಟ ವಾಹನಕ್ಕೂ ಇದೇ ಅನ್ವಯ. ಎಳೆದೊಯ್ದ ಖರ್ಚು ಮಾಲೀಕನದೇ, ದಂಡ ಬೇರೆ.

ಕಾಯ್ದೆಯಲ್ಲಿರುವ ದಂಡಗಳು ಹೀಗಿವೆ: 177ನೇ ಕಲಂ ಅಡಿ ಮೊದಲ ಸಲಕ್ಕೆ 500 ರೂಪಾಯಿ ವರೆಗೆ, ಮತ್ತೆ ಮಾಡಿದರೆ 1,500 ರೂಪಾಯಿ ವರೆಗೆ. ಚಾಲನಾ ನಿಯಮಾವಳಿ ಮುರಿದರೆ 2019ರ ತಿದ್ದುಪಡಿಯಲ್ಲಿ ಸೇರಿದ 177ಎ ಕಲಂ ಪ್ರಕಾರ 500ರಿಂದ 1,000 ರೂಪಾಯಿ. ಸಂಚಾರಕ್ಕೆ ಅಡ್ಡಿಯಾದರೆ 201ನೇ ಕಲಂ ಅಡಿ 500 ರೂಪಾಯಿ ವರೆಗೆ. ನ್ಯಾಯಾಲಯಕ್ಕೆ ಹೋಗದೆ ಕಟ್ಟಿ ಮುಗಿಸುವ ಮೊತ್ತವನ್ನು ರಾಜ್ಯ ಸರ್ಕಾರ ನಿಗದಿಪಡಿಸುತ್ತದೆ, ಆದ್ದರಿಂದ ಗಡಿ ದಾಟಿದರೆ ಮೊತ್ತ ಬದಲಾಗಬಹುದು.

ಗಾಡಿ ಬಿಟ್ಟ ಜಾಗದಲ್ಲಿ ಕಾಣದಿದ್ದರೆ ಮೊದಲು ಹತ್ತಿರದ ಸಂಚಾರ ಠಾಣೆಗೆ ವಿಚಾರಿಸಿ ಅಥವಾ 112ಕ್ಕೆ ಕರೆ ಮಾಡಿ; ಎಳೆದೊಯ್ದಿಲ್ಲ ಎಂದು ಖಚಿತವಾದ ಮೇಲೆ ಕಳವಿನ ದೂರು. ಬಿಡಿಸಿಕೊಳ್ಳುವಾಗ ಹಣ ಕಟ್ಟುವ ಮೊದಲೇ ಗಾಡಿಯನ್ನು ಸುತ್ತು ಹಾಕಿ ನೋಡಿ, ಗೀರು ಅಥವಾ ಜಜ್ಜಿದ ಗುರುತಿದ್ದರೆ ಅಲ್ಲೇ ಫೋಟೊ ತೆಗೆದು ಬರೆದು ಕೊಡಿ, ರಸೀದಿ ಪಡೆಯಿರಿ. ಮನೆಗೆ ಬಂದ ಮೇಲೆ ನೆನಪಾದ ಗೀರಿಗೆ ಯಾರೂ ಹೊಣೆಯಾಗುವುದಿಲ್ಲ.

ಕ್ಯಾಮೆರಾದಿಂದ ದಾಖಲಾದ ಉಲ್ಲಂಘನೆಯ ನೋಟಿಸನ್ನು ಘಟನೆಯಾದ 15 ದಿನಗಳೊಳಗೆ ಕಳುಹಿಸಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿದ 167ಎ ನಿಯಮ ಹೇಳುತ್ತದೆ. ನೋಟಿಸು ಬಂದಾಗ ಚಿತ್ರ ತೆರೆದು ನೋಂದಣಿ ಸಂಖ್ಯೆ, ಜಾಗ, ದಿನಾಂಕ, ವೇಳೆ ನಾಲ್ಕನ್ನೂ ಹೋಲಿಸಿ. ಸಂಖ್ಯೆಯ ಒಂದು ಅಂಕಿ ತಪ್ಪಿ ಬೇರೆ ಗಾಡಿಯ ದಂಡ ನಿಮಗೆ ಬಂದಿದ್ದರೆ ಕಟ್ಟಬೇಡಿ. ನಿಮ್ಮ ಫೋಟೊಗಳೊಂದಿಗೆ ಸಂಬಂಧಪಟ್ಟ ಸಂಚಾರ ಠಾಣೆಗೆ ಲಿಖಿತವಾಗಿ ಆಕ್ಷೇಪ ಸಲ್ಲಿಸಿ. ಸರಿಯಿದ್ದರೆ ಕೇಂದ್ರದ ಪರಿವಾಹನ್ ಇ-ಚಲನ್ ಜಾಲತಾಣದಲ್ಲಿ, ಬೆಂಗಳೂರು ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ, ಇಲ್ಲವೇ ಠಾಣೆಯಲ್ಲೇ ಕಟ್ಟಬಹುದು.

ವಾಟ್ಸ್‌ಆ್ಯಪ್‌ನಲ್ಲಿ ‘ನಿಮ್ಮ ಚಲನ್ ಬಾಕಿ ಇದೆ’ ಎಂಬ ಒಕ್ಕಣೆಯೊಂದಿಗೆ ಯಾವುದಾದರೂ ಆ್ಯಪ್ ಕಡತ ಬಂದರೆ ತೆರೆಯಬೇಡಿ. ಅದನ್ನು ಮೊಬೈಲಿಗೆ ಇಳಿಸಿಕೊಂಡವರ ಬ್ಯಾಂಕ್ ಖಾತೆ ಖಾಲಿಯಾದ ಪ್ರಕರಣಗಳು ಸಾಕಷ್ಟಿವೆ. ಅನುಮಾನವಿದ್ದರೆ ಆ ಸಂದೇಶದ ಕೊಂಡಿ ಒತ್ತದೆ, ಅಧಿಕೃತ ಜಾಲತಾಣವನ್ನು ನೀವೇ ತೆರೆದು ವಾಹನ ಸಂಖ್ಯೆ ಹಾಕಿ ನೋಡಿ. ಬಾಕಿ ನಿಜವಾಗಿದ್ದರೆ ಅಲ್ಲಿ ಕಾಣುತ್ತದೆ.